ಬೆಂಡೆಯೋ ಬದನೆಯೋ: ವಾರಕ್ಕೆ ಮೂರು ದಿನ ಮನೆಯಲ್ಲಿರದವರ ತಾರಸಿ ತೋಟ

ಮನೆ ಶಿವಮೊಗ್ಗದ ಹಳೆಯ ಬಡಾವಣೆಯೊಂದರಲ್ಲಿ, ಅಡಿಕೆ ತೋಟ ತೀರ್ಥಹಳ್ಳಿ ಕಡೆ. ಗಂಡ ಹೆಂಡತಿ ಇಬ್ಬರಿಗೂ ವಾರಕ್ಕೆ ಐದು ದಿನದ ಕೆಲಸ, ಕಾಲೇಜಿಗೆ ಹೋಗುವ ಮಗಳು ಮತ್ತು ಮಗ. ಶನಿವಾರ ಬೆಳಗಿನ ಮೊದಲ ಬಸ್ಸಿಗೆ ಊರಿಗೆ ಹೊರಟರೆ ಸೋಮವಾರ ಬೆಳಿಗ್ಗೆ ಬಸ್ಸಿಳಿದು ನೇರ ಕೆಲಸಕ್ಕೆ. ಮನೆ ಬಾಗಿಲು ತೆಗೆಯುವುದು ಸೋಮವಾರ ಸಂಜೆ. ಅಡಿಕೆ ಕೊಯ್ಲಿನ ಹೊತ್ತಿಗೆ ಒಟ್ಟಿಗೆ ಹತ್ತು ದಿನ ರಜೆ ಹಾಕಿ ಊರಲ್ಲೇ ಇರುತ್ತಾರೆ. ಗುರುತು ಸಿಗದಂತೆ ಕೆಲವು ವಿವರಗಳನ್ನು ಬದಲಿಸಿದ್ದೇವೆ. ಆದರೆ ಈ ಓಡಾಟದ ವೇಳಾಪಟ್ಟಿಯನ್ನು ಮುಟ್ಟಿಲ್ಲ, ಏಕೆಂದರೆ ಇಡೀ ಪ್ರಕರಣ ನಿಂತಿರುವುದು ಅದರ ಮೇಲೆಯೇ.

ತಾರಸಿ ಹಳೆಯದು. 12 ಇಂಚು ಅಗಲ, 12 ಇಂಚು ಎತ್ತರದ ಒಂದು ಗ್ರೋ ಬ್ಯಾಗಿಗೆ ಸುಮಾರು 20 ಲೀಟರ್ ಮಣ್ಣು ಹಿಡಿಯುತ್ತದೆ, ನೀರು ಕುಡಿದ ಮೇಲೆ 25 ಕಿಲೋ ತೂಗುತ್ತದೆ. ಭಾರವೆಲ್ಲ ಕೆಳಗಿನ ಗೋಡೆಯ ನೇರಕ್ಕೆ ಬರಲಿ ಎಂದು ಪ್ಯಾರಪೆಟ್ ಗೋಡೆಗುಂಟ ಹತ್ತೇ ಚೀಲ ಇಡುವುದೆಂದು ತೀರ್ಮಾನವಾಯಿತು. ಚೀಲ ಹತ್ತೇ ಆದ್ದರಿಂದ ಹಲವು ತರಕಾರಿ ಒಂದೊಂದು ಗಿಡ ಬೇಡ, ಒಂದನ್ನೇ ಸಾಲಾಗಿ ಬೆಳೆಯೋಣ ಎಂಬುದು ಮನೆಯವರ ಯೋಚನೆ. ಅದು ಸರಿಯಾದ ಯೋಚನೆಯೇ. ಹೆಂಡತಿಯ ಆಯ್ಕೆ ಬದನೆ: ಕಾಯಿ ಕೊರಕಕ್ಕೆ ಹೆದರಿ ಪೇಟೆಯ ಬದನೆಗೆ ಮೇಲಿಂದ ಮೇಲೆ ಔಷಧಿ ಹೊಡೆಯುತ್ತಾರೆ, ಎಣ್ಣೆಗಾಯಿಗಾದರೂ ಮನೆಯದು ಬೇಕು ಎಂಬ ಆಸೆ. ಗಂಡನ ಆಯ್ಕೆ ಬೆಂಡೆ: ಸಸಿ ಮಾಡುವ ಗೋಜಿಲ್ಲ, ಬೀಜ ಊರಿದ 45–50 ದಿನಕ್ಕೆ ಕಾಯಿ. ಬದನೆಗಾದರೆ ಸಸಿಗೆ ಒಂದು ತಿಂಗಳು, ನೆಟ್ಟ ಮೇಲೆ 60–70 ದಿನ. ಬೇಗ ಬರುವುದೇ ಸುಲಭದ್ದು ಎಂದು ಬೆಂಡೆ ಗೆದ್ದಿತು.

ಈ ತೀರ್ಮಾನದಲ್ಲಿ ಎರಡು ಪ್ರಶ್ನೆಗಳನ್ನು ಯಾರೂ ಕೇಳಲೇ ಇಲ್ಲ. ಒಂದು ಹೊತ್ತಿನ ಅಡುಗೆಗೆ ಒಂದೇ ದಿನ ಎಷ್ಟು ಕಾಯಿ ಸಿಗಬೇಕು? ಕಾಯಿ ಗಿಡದ ಮೇಲೆ ಎಷ್ಟು ದಿನ ಕಾಯುತ್ತದೆ?

ಮೊದಲ ಹಂಗಾಮು: ಬೆಂಡೆ

ಫೆಬ್ರವರಿ ಮೊದಲ ವಾರ ಬಿತ್ತನೆ. ಮಿಶ್ರಣ ಎರಡು ಪಾಲು ಕೆಂಪು ಮಣ್ಣು, ಒಂದು ಪಾಲು ಕಳಿತ ಕೊಟ್ಟಿಗೆ ಗೊಬ್ಬರ, ಒಂದು ಪಾಲು ತೆಂಗಿನ ನಾರಿನ ಪುಡಿ, ಚೀಲಕ್ಕೊಂದು ಹಿಡಿ ಬೇವಿನ ಹಿಂಡಿ. ಬೀಜ ಹೆಸರಘಟ್ಟದ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಅನಾಮಿಕ. ರಾತ್ರಿಯಿಡೀ ನೆನೆಸಿ ಚೀಲಕ್ಕೆ ಎರಡರಂತೆ, ಮುಕ್ಕಾಲು ಇಂಚು ಆಳದಲ್ಲಿ ಊರಿದರು. ಐದನೆಯ ದಿನ ಮೊಳಕೆ. ಎರಡು ವಾರಕ್ಕೆ ಬಡಕಲು ಸಸಿಯನ್ನು ಕೀಳದೆ ಬುಡಕ್ಕೆ ಕತ್ತರಿಸಿ ಒಂದನ್ನು ಉಳಿಸಿದರು. ಬೆಂಡೆಯ ತಾಯಿಬೇರು ನೇರ ಕೆಳಗಿಳಿಯುತ್ತದೆ. ಪಕ್ಕದ ಸಸಿ ಕಿತ್ತರೆ ಉಳಿಯಬೇಕಾದ್ದರ ಬೇರೂ ಅಲುಗುತ್ತದೆ. ಇಲ್ಲಿಯವರೆಗೆ ಎಲ್ಲವೂ ಸರಿಯಾಗಿಯೇ ನಡೆಯಿತು.

ಮಾರ್ಚ್ ಕೊನೆಗೆ ಕೊಯ್ಲು ಶುರುವಾದಾಗ ಮೊದಲ ತೊಡಕು ಕಂಡಿತು. ಚೆನ್ನಾಗಿರುವ ಬೆಂಡೆ ಗಿಡ ಸಾಮಾನ್ಯವಾಗಿ ಒಂದೂವರೆ ಎರಡು ದಿನಕ್ಕೊಂದು ಹೂ ಬಿಡುತ್ತದೆ, ಒಂದು ಎಳೆ ಕಾಯಿ 15 ಗ್ರಾಂ ಆಸುಪಾಸು. ನಾಲ್ಕು ಜನಕ್ಕೆ ಪಲ್ಯವಾಗಬೇಕಾದರೆ 400 ಗ್ರಾಂ, ಅಂದರೆ 25ಕ್ಕೂ ಹೆಚ್ಚು ಕಾಯಿ ಬೇಕು. ಹತ್ತು ಗಿಡದಿಂದ ದಿನ ಬಿಟ್ಟು ದಿನ ಸಿಗುತ್ತಿದ್ದುದು ಎಂಟು ಹತ್ತು. ಪಲ್ಯಕ್ಕೆ ಸಾಲದು, ಬಿಟ್ಟರೆ ಬಲಿಯುತ್ತದೆ. ಕೊಯ್ದು ಒಣ ಬಟ್ಟೆಯಲ್ಲಿ ಸುತ್ತಿ ಫ್ರಿಜ್ಜಿನಲ್ಲಿಟ್ಟು ಮೂರು ಕೊಯ್ಲು ಸೇರಿಸಿದರೆ ಒಂದು ಪಲ್ಯ. ಗೊಜ್ಜಿಗೋ ಮಜ್ಜಿಗೆ ಹುಳಿಗೋ ಆದರೆ ಹತ್ತು ಕಾಯಿ ಧಾರಾಳ ಸಾಕು. ಬೆಂಡೆ ಬೆಳೆಯುವ ಸಣ್ಣ ತಾರಸಿಯವರು ಪಲ್ಯದ ಲೆಕ್ಕ ಬಿಟ್ಟು ಗೊಜ್ಜಿನ ಲೆಕ್ಕ ಹಿಡಿಯುವುದು ಮೇಲು.

ಎರಡನೆಯ ತೊಡಕು ಹೆಚ್ಚು ನೋವಿನದು. ಹೂ ಅರಳಿದ ಐದು ಆರು ದಿನಕ್ಕೆ ಬೆಂಡೆ ಕೊಯ್ಯುವ ಹದಕ್ಕೆ ಬರುತ್ತದೆ. ಬೇಸಿಗೆಯಲ್ಲಿ ಅದರ ಮೇಲೆ ಎರಡು ದಿನ ಬಿಟ್ಟರೆ ನಾರು. ಶುಕ್ರವಾರ ಸಂಜೆ ನಾಲ್ಕು ಬೆರಳುದ್ದದ ಕಾಯಿಗಳನ್ನಷ್ಟೇ ಕೊಯ್ದು, ಉಳಿದವು ಇನ್ನಷ್ಟು ದಪ್ಪವಾಗಲಿ ಎಂದು ಬಿಟ್ಟು ಹೋಗುತ್ತಿದ್ದರು. ಸೋಮವಾರ ಸಂಜೆ ಬಂದು ನೋಡಿದರೆ ಗೇಣುದ್ದದ ಕಾಯಿ. ಮೆಟ್ಟುಗತ್ತಿಗೆ ಕೊಟ್ಟರೆ ಕತ್ತಿ ಜಾರುತ್ತದೆ, ಒತ್ತಿ ಕೊಯ್ದರೆ ಹೋಳಿನ ಅಂಚಿನಲ್ಲಿ ಬಿಳಿ ನಾರಿನ ಎಳೆಗಳು ನಿಂತಿರುತ್ತವೆ, ಒಳಗಿನ ಬೀಜ ಹಲ್ಲಿಗೆ ಸಿಗುವಷ್ಟು ಗಟ್ಟಿ. ಮನೆಯವರು ಬರೆದಿಟ್ಟ ನೋಟ್‌ಬುಕ್ಕಿನ ಪ್ರಕಾರ ಆ ಹಂಗಾಮಿನ ಕಾಯಿಗಳಲ್ಲಿ ಮೂರರಲ್ಲೊಂದು ಪಾಲು ಹೀಗೆ ಕಸಕ್ಕೆ ಹೋಯಿತು. ನಷ್ಟ ಅಷ್ಟಕ್ಕೇ ನಿಲ್ಲುವುದಿಲ್ಲ. ಬಲಿತ ಕಾಯಿ ಗಿಡದಲ್ಲಿದ್ದಷ್ಟು ದಿನ ಗಿಡ ತನ್ನ ಶಕ್ತಿಯನ್ನು ಬೀಜಕ್ಕೆ ಹರಿಸುತ್ತದೆ, ಹೊಸ ಹೂ ಕಡಿಮೆಯಾಗುತ್ತದೆ. ತರಕಾರಿ ಅಂಗಡಿಯಲ್ಲಿ ಬೆಂಡೆಯ ತುದಿ ಮುರಿದು ನೋಡಿದರೆ ಅಂಗಡಿಯವರು ಬೈಯುತ್ತಾರೆ, ಆದರೆ ಪರೀಕ್ಷೆ ಅದೇ: ತುದಿ ಚಟ್ ಎಂದು ಮುರಿದರೆ ಎಳೆಯದು, ಬಾಗಿದರೆ ಬಲಿತದ್ದು.

ಮೂರನೆಯದು ಬಿಸಿಲಿನ ವಿಷಯ. ಹತ್ತರಲ್ಲಿ ನಾಲ್ಕು ಚೀಲಗಳು ನೀರಿನ ಟ್ಯಾಂಕಿನ ಮಗ್ಗುಲಲ್ಲಿದ್ದವು. ಅಲ್ಲಿನ ಗಿಡಗಳು ಉಳಿದವಕ್ಕಿಂತ ಎತ್ತರ ಬೆಳೆದವು. ನೋಡಿದವರು ಅವೇ ಚೆನ್ನಾಗಿವೆ ಎಂದರು. ಗಿಣ್ಣಿನಿಂದ ಗಿಣ್ಣಿಗೆ ಅಂತರ ಅಳೆದಾಗ ಬಿಸಿಲಲ್ಲಿದ್ದವಕ್ಕೆ ಎರಡು ಇಂಚು, ಇವಕ್ಕೆ ನಾಲ್ಕು. ಬೆಂಡೆ ಗಿಣ್ಣಿಗೊಂದು ಹೂ ಬಿಡುವ ಗಿಡ. ಗಿಣ್ಣು ದೂರವಾಯಿತೆಂದರೆ ಗಿಡ ಬೆಳಕು ಹುಡುಕಿ ಉದ್ದವಾಗುತ್ತಿದೆ, ಕಾಯಿ ಕಡಿಮೆ ಎಂದೇ ಅರ್ಥ. ಆ ನಾಲ್ಕು ಗಿಡಗಳ ಫಸಲು ಉಳಿದವುಗಳ ಅರ್ಧಕ್ಕೂ ಬರಲಿಲ್ಲ.

ಆಮೇಲೆ ಮೇ ತಿಂಗಳ ಒಂದು ರಜಾದಿನ ಮಗಳು ಬೆಳಿಗ್ಗೆ 8ರಿಂದ ಸಂಜೆ 5ರವರೆಗೆ ಗಂಟೆಗೊಮ್ಮೆ ಮೇಲೆ ಹತ್ತಿ ನೆರಳಿನ ಅಂಚಿಗೆ ಸೀಮೆಸುಣ್ಣದ ಗೆರೆ ಎಳೆದಳು. ಟ್ಯಾಂಕಿನ ಮಗ್ಗುಲಿಗೆ ನಾಲ್ಕು ಗಂಟೆ ಬಿಸಿಲು, ಪೂರ್ವ ಮತ್ತು ದಕ್ಷಿಣದ ಗೋಡೆಗುಂಟ ಏಳು ಗಂಟೆ. ಬೆಂಡೆಗಾಗಲಿ ಬದನೆಗಾಗಲಿ ಕಡಿಮೆಯೆಂದರೆ ಆರು ಗಂಟೆ ಬೇಕು. ಚೀಲಗಳನ್ನು ಅತ್ತ ಸರಿಸಿ, ಟ್ಯಾಂಕಿನ ಮಗ್ಗುಲಿಗೆ ಒಂದೆಲಗದ ಕುಂಡ ಇಟ್ಟರು. ಈ ಗೆರೆ ಎಳೆಯುವ ಕೆಲಸ ಬೀಜ ಕೊಳ್ಳುವ ಮೊದಲು ಆಗಬೇಕಿತ್ತು. ವರ್ಷದಲ್ಲಿ ಎರಡು ಸಲ ಆಗಬೇಕು: ಡಿಸೆಂಬರಿನಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿ ನೆರಳು ಉತ್ತರಕ್ಕೆ ಉದ್ದ ಚಾಚುತ್ತದೆ, ಮೇ ತಿಂಗಳ ಗೆರೆ ಆಗ ಲೆಕ್ಕಕ್ಕೆ ಬರುವುದಿಲ್ಲ.

ಎರಡನೆಯ ಹಂಗಾಮು: ಬದನೆ, ಮತ್ತು ಊರಿನ ಮಣ್ಣು

ಜೂನ್ ನಡುವೆ ಬೆಂಡೆ ಕಿತ್ತು ಬದನೆಗೆ ತಿರುಗಿದರು. ತರ್ಕ ಸರಿಯಿತ್ತು. ಬದನೆ ಕಾಯಿ ಹದಕ್ಕೆ ಬಂದ ಮೇಲೂ ಐದಾರು ದಿನ ಗಿಡದಲ್ಲೇ ಕಾಯುತ್ತದೆ, ವಾರಾಂತ್ಯ ಅದಕ್ಕೆ ಲೆಕ್ಕವಿಲ್ಲ. ಹೆಬ್ಬೆರಳಿಂದ ಒತ್ತಿದರೆ ಗುಳಿ ಬಿದ್ದು ಮೆಲ್ಲಗೆ ಮೇಲೆದ್ದರೆ ಕೊಯ್ಯಬಹುದು. ಸಿಪ್ಪೆಯ ಹೊಳಪು ಹೋಗಿ ಮಂಕಾಗಿದ್ದರೆ ತಡವಾಗಿದೆ, ಒಳಗೆ ಬೀಜ ಕಂದಾಗಿ ಕಹಿ ಬಂದಿರುತ್ತದೆ. ಹತ್ತು ಗಿಡದಿಂದ ಒಂದೇ ದಿನ ಎಣ್ಣೆಗಾಯಿಗೆ ಬೇಕಾದ ಹನ್ನೆರಡು ಕಾಯಿ ಸಿಗುವುದೂ ಕಷ್ಟವಲ್ಲ.

ಎಡವಿದ್ದು ಮಣ್ಣಿನಲ್ಲಿ. ಬೆಂಡೆ ಕಿತ್ತ ಮೇಲೆ ಚೀಲಗಳಲ್ಲಿ ಮಣ್ಣು ಕುಸಿದು ನಾಲ್ಕು ಇಂಚು ಖಾಲಿಯಿತ್ತು. ಊರಿನ ಮನೆಯ ಹಿತ್ತಲಿಂದ, ಮೆಣಸಿನಕಾಯಿ ಟೊಮೆಟೊ ಬೆಳೆದಿದ್ದ ಪಾತಿಯಿಂದ, ಕಪ್ಪು ಮಣ್ಣು ಎರಡು ಗೋಣಿಚೀಲ ಬಂತು. ಅದು ಐದು ಚೀಲಗಳಿಗಾಯಿತು. ಉಳಿದ ಐದಕ್ಕೆ ಎರೆಗೊಬ್ಬರ ಮತ್ತು ಅಂಗಡಿಯ ತೆಂಗಿನ ನಾರಿನ ಪುಡಿ ತುಂಬಿದರು. ಮಣ್ಣು ಸಾಲದೆ ಹೋದದ್ದರಿಂದ ಆದ ಈ ವಿಂಗಡಣೆಯೇ ಮುಂದೆ ಕಾರಣ ಹಿಡಿಯಲು ನೆರವಾಯಿತು.

ಜುಲೈ ಮೂರನೆಯ ವಾರ, ಮೊಗ್ಗು ಕಟ್ಟುವ ಹೊತ್ತಿಗೆ ಊರಿನ ಮಣ್ಣು ಹಾಕಿದ್ದ ಚೀಲವೊಂದರ ಗಿಡ ಮಧ್ಯಾಹ್ನ ಬಾಡಿತು. ಸಂಜೆಗೆ ಚೇತರಿಸಿಕೊಂಡಿತು. "ರೀ, ನಿನ್ನೆ ಇದಕ್ಕೆ ನೀರು ಹಾಕಿದ್ರೋ ಇಲ್ವೋ?" ಎಂಬ ಪ್ರಶ್ನೆ ಬಂತು, ಎರಡು ಚೊಂಬು ನೀರು ಹೆಚ್ಚಿಗೆ ಬಿತ್ತು. ಮಾರನೆಯ ದಿನ ಮತ್ತೆ ಬಾಡಿತು, ಮೂರನೆಯ ದಿನ ಏಳಲಿಲ್ಲ. ಎಲೆ ಹಸಿರಾಗಿಯೇ ಇತ್ತು, ಒಂದೂ ಹಳದಿಯಾಗಿರಲಿಲ್ಲ. ವಾರದೊಳಗೆ ಅದೇ ಮಣ್ಣಿನ ಇನ್ನೆರಡು ಗಿಡಗಳೂ ಹಾಗೆಯೇ ಹೋದವು.

ಇಂಥ ಹೊತ್ತಿನಲ್ಲಿ ಅಡುಗೆಮನೆಯಲ್ಲೇ ಮಾಡಬಹುದಾದ ಪರೀಕ್ಷೆ ಒಂದಿದೆ. ಸತ್ತ ಗಿಡದ ಬುಡದ ಹತ್ತಿರದಿಂದ ಎರಡು ಇಂಚು ಕಾಂಡವನ್ನು ಚೂಪಾದ ಚಾಕುವಿನಿಂದ ಕತ್ತರಿಸಿ, ಗಾಜಿನ ಲೋಟದ ತಿಳಿನೀರಿನಲ್ಲಿ ಕತ್ತರಿಸಿದ ತುದಿ ಮುಳುಗುವಂತೆ ಇಳಿಬಿಟ್ಟು ಅಲುಗಾಡಿಸದೆ ನಿಲ್ಲಿಸಬೇಕು. ಈ ಮನೆಯಲ್ಲಿ ಕಿಟಕಿ ಬೆಳಕಿಗೆ ಹಿಡಿದಾಗ ಐದು ನಿಮಿಷದೊಳಗೆ ಕಾಂಡದ ತುದಿಯಿಂದ ಹಾಲಿನಂಥ ಸಣ್ಣ ಎಳೆ, ಊದುಬತ್ತಿಯ ಹೊಗೆಯನ್ನು ತಲೆಕೆಳಗು ಮಾಡಿದ ಹಾಗೆ, ನೀರೊಳಗೆ ನೇರ ಕೆಳಗಿಳಿಯಿತು. ಅದು ದುಂಡಾಣು (ಬ್ಯಾಕ್ಟೀರಿಯಾ) ಸೊರಗು ರೋಗ. ದುಂಡಾಣುಗಳು ಕಾಂಡದ ನೀರಿನ ನಾಳದಲ್ಲಿ ತುಂಬಿ ದಾರಿ ಮುಚ್ಚುತ್ತವೆ. ಬುಡದಲ್ಲಿ ನೀರಿದ್ದರೂ ಎಲೆಗೆ ಏರುವುದಿಲ್ಲ. ಶಿಲೀಂಧ್ರದ ಸೊರಗಾದರೆ ಕೆಳಗಿನ ಎಲೆ ಮೊದಲು ಹಳದಿಯಾಗುತ್ತದೆ, ಲೋಟದ ನೀರು ತಿಳಿಯಾಗಿಯೇ ಉಳಿಯುತ್ತದೆ. ನೀರು ಹೆಚ್ಚಾಗಿ ಬೇರು ಕೊಳೆತಿದ್ದರೆ ಬೇರು ಕಪ್ಪಾಗಿ ವಾಸನೆ ಹೊಡೆಯುತ್ತದೆ. ಮೂರಕ್ಕೂ ಬಾಡುವುದು ಒಂದೇ ಥರ ಕಂಡರೂ ಮಾಡಬೇಕಾದ್ದು ಬೇರೆ ಬೇರೆ.

ಈ ದುಂಡಾಣು ಬದನೆ, ಟೊಮೆಟೊ, ಮೆಣಸಿನಕಾಯಿ, ಆಲೂಗಡ್ಡೆ ನಾಲ್ಕಕ್ಕೂ ಒಂದೇ. ಮಲೆನಾಡು, ಕರಾವಳಿಯ ಹುಳಿ ಮಣ್ಣು ಮತ್ತು ಮಳೆಗಾಲದ ಬೆಚ್ಚನೆ ತೇವ ಅದಕ್ಕೆ ಹೇಳಿಮಾಡಿಸಿದ ಜಾಗ. ಹಿತ್ತಲಲ್ಲಿ ಟೊಮೆಟೊ ಆಗೀಗ ಬಾಡಿ ಸಾಯುತ್ತಿದ್ದುದನ್ನು ಅತ್ತೆ ಮೊದಲೇ ಹೇಳಿದ್ದರು. ಇರುವೆ ಕಾಟ ಎಂದುಕೊಂಡಿದ್ದರು. ಬೆಂಡೆ ಬೇರೆ ಕುಲದ್ದು, ಅದಕ್ಕೆ ಈ ರೋಗ ಇಲ್ಲವೆನ್ನುವಷ್ಟು ಕಡಿಮೆ. ಅದೇ ಮಣ್ಣನ್ನು ಬೆಂಡೆಗೆ ಹಾಕಿದ್ದರೆ ಯಾರಿಗೂ ಏನೂ ಗೊತ್ತಾಗುತ್ತಿರಲಿಲ್ಲ.

ಇಲ್ಲಿ ಮನೆಯವರು ತೆಗೆದುಕೊಂಡ ತೀರ್ಮಾನ ಮೆಚ್ಚುವಂಥದ್ದು. ಔಷಧಿ ಹುಡುಕಿ ಹೋಗಲಿಲ್ಲ, ಏಕೆಂದರೆ ಹಿಡಿದ ಗಿಡವನ್ನು ಬದುಕಿಸುವ ಔಷಧಿ ಇಲ್ಲ. ಸತ್ತ ಮೂರನ್ನು ಚೀಲ ಸಮೇತ ಇಳಿಸಿದರು, ಆ ಮಣ್ಣಿನ ಉಳಿದೆರಡು ಗಿಡ ಇನ್ನೂ ನೆಟ್ಟಗಿದ್ದರೂ ಅವನ್ನೂ ತೆಗೆದರು. ಮಣ್ಣನ್ನು ಗೊಬ್ಬರದ ಗುಂಡಿಗೆ ಸೇರಿಸದೆ, ಮಳೆನೀರು ತೋಟಕ್ಕೆ ಹರಿಯದ ಕಡೆ ಹೂತರು. ಚಾಕುವನ್ನು ಕುದಿವ ನೀರಿಗೆ ಹಾಕಿದರು. ಇನ್ನೊಂದು ವಿಷಯ ಆಗಲೇ ಗಮನಕ್ಕೆ ಬಂತು: ತಾರಸಿಯ ಇಳಿಜಾರಿನಲ್ಲಿ ಒಂದು ಚೀಲದಿಂದ ಬಸಿದ ನೀರು ಮುಂದಿನದರ ಬುಡಕ್ಕೆ ಹೋಗುತ್ತಿತ್ತು. ಪ್ರತಿ ಚೀಲದ ಕೆಳಗೆ ಎರಡೆರಡು ಇಟ್ಟಿಗೆ ಇಟ್ಟು ಎತ್ತರಿಸಿದರು. ಉಳಿದ ಐದು ಬದನೆ ಉಳಿದವು.

ಖಾಲಿಯಾದ ಜಾಗಕ್ಕೆ ಹೊಸ ಮಣ್ಣಿನ ಐದು ಚೀಲ ಇಟ್ಟು ಮತ್ತೆ ಬೆಂಡೆ ಬಿತ್ತಿದರು. ಮೋಡದ ದಿನಗಳಲ್ಲಿ ಅದು ನಿಧಾನ. ಒಂದು ಗಿಡದ ಎಲೆಯ ನರಗಳು ಹಳದಿ ಬಲೆಯಂತಾದವು: ಬಿಳಿನೊಣ ತರುವ ಹಳದಿ ನಂಜು ರೋಗ. ಅರ್ಕಾ ಅನಾಮಿಕವನ್ನು ಕಾಡುಬೆಂಡೆಯೊಂದಿಗೆ ಅಡ್ಡಹಾಯಿಸಿ ತೆಗೆದದ್ದೇ ಈ ರೋಗ ತಡೆಯಲೆಂದು. ಆದರೂ ಆ ತಡೆ ಈಗೀಗ ಮೊದಲಿನಷ್ಟು ಗಟ್ಟಿಯಾಗಿಲ್ಲ. ನಂಜು ಬಂದ ಗಿಡವನ್ನು ಕಂಡ ದಿನವೇ ಕಿತ್ತು ಹಾಕಬೇಕು. ಕಿತ್ತರು, ಅಂಟುವ ಹಳದಿ ಹಾಳೆ ಎರಡು ನೇತುಹಾಕಿದರು, ಪಕ್ಕದವಕ್ಕೆ ಹರಡಲಿಲ್ಲ.

ಬದನೆ ಆಗಸ್ಟ್ ಕೊನೆಗೆ ಕಾಯಿ ಬಿಟ್ಟಿತು. ಸೆಪ್ಟೆಂಬರಿನಲ್ಲಿ ಕುಡಿ ಮತ್ತು ಕಾಯಿ ಕೊರೆಯುವ ಹುಳು. ಒಂದೇ ಒಂದು ಕುಡಿ ತಲೆ ಬಗ್ಗಿಸಿ ನಿಂತು ಗಿಡದ ಉಳಿದ ಭಾಗ ನೆಟ್ಟಗಿದ್ದರೆ ಅದು ಈ ಹುಳುವಿನದೇ ಕೆಲಸ. ಬಾಡಿದ ಜಾಗಕ್ಕಿಂತ ಒಂದು ಇಂಚು ಕೆಳಗೆ ಕತ್ತರಿಸಿ ಸೀಳಿದರೆ ಒಳಗೆ ನಸುಗೆಂಪು ಹುಳು ಸಿಗುತ್ತದೆ. ಕತ್ತರಿಸಿದ್ದನ್ನು ಸೋಪಿನ ನೀರಿಗೆ ಹಾಕಬೇಕು, ಅಲ್ಲೇ ಬಿಸಾಡಿದರೆ ಹುಳು ಹೊರಬಂದು ಕೋಶ ಕಟ್ಟುತ್ತದೆ. ತೂತು ಬಿದ್ದ ಕಾಯಿಗೂ ಅದೇ ಗತಿ. ಲೀಟರ್ ನೀರಿಗೆ 5 ಮಿಲಿ ಬೇವಿನೆಣ್ಣೆ, ಬೆರೆಯಲು ನಾಲ್ಕು ಹನಿ ಸೋಪಿನ ದ್ರಾವಣ, ಹತ್ತು ದಿನಕ್ಕೊಮ್ಮೆ ಸಂಜೆ ಹೊತ್ತು. ಆದರೆ ಬೇವಿನೆಣ್ಣೆ ಕಾಂಡದ ಒಳಗೆ ಸೇರಿಕೊಂಡ ಹುಳುವನ್ನು ಮುಟ್ಟುವುದಿಲ್ಲ, ಆದ್ದರಿಂದ ಕತ್ತರಿಯೇ ಮುಖ್ಯ. ಐದು ಗಿಡ ನೋಡಲು ಐದು ನಿಮಿಷ ಸಾಕು. ಮಂಗಳವಾರ, ಶುಕ್ರವಾರ ಎಂದು ದಿನ ಗೊತ್ತು ಮಾಡಿಕೊಂಡ ಮೇಲೆ ಹುಳು ಬಿದ್ದ ಕಾಯಿ ಅಪರೂಪವಾಯಿತು.

ಅಡಿಕೆ ಕೊಯ್ಲು ಬಂತು

ನವೆಂಬರ್ ಮೊದಲ ವಾರದಿಂದ ಹತ್ತು ದಿನ ಮನೆಗೆ ಬೀಗ. ಗಿಡದ ತುಂಬ ಹೂ, ಹೀಚು. ಪಕ್ಕದ ಮನೆಯವರಿಗೆ ನೀರು ಹಾಕಲು ಹೇಳುವುದೇ, ಪೈಪು ಎಳೆದು ಹನಿ ನೀರಾವರಿ ಮಾಡುವುದೇ ಎಂದು ಚರ್ಚೆಯಾಯಿತು. ಕೊನೆಗೆ ಮಾಡಿದ್ದು ಮೂರನೆಯದು, ಈ ಪ್ರಕರಣದ ಅತಿ ಒಳ್ಳೆಯ ತೀರ್ಮಾನ: ಹೊರಡುವ ಹಿಂದಿನ ದಿನ ಐದೂ ಗಿಡಗಳನ್ನು ಮಣ್ಣಿಂದ ಒಂದು ಅಡಿ ಬಿಟ್ಟು ಕತ್ತರಿಸಿದರು.

ಬದನೆ ಕೂಳೆ ಬರುವ, ಅಂದರೆ ಕತ್ತರಿಸಿದ ಬುಡದಿಂದ ಮತ್ತೆ ಚಿಗುರಿ ಕಾಯಿ ಬಿಡುವ ಗಿಡ. ಎರಡು ತಿಂಗಳು ಕಾಯಿ ಬಿಟ್ಟು ಸುಸ್ತಾದ ಗಿಡವನ್ನು ಹೇಗೂ ಸವರಬೇಕಿತ್ತು. ಆ ಕೆಲಸವನ್ನು ಊರಿಗೆ ಹೋಗುವ ದಿನಕ್ಕೆ ಹೊಂದಿಸಿದ್ದೇ ಜಾಣತನ. ಎಲೆಯಿಲ್ಲದ ಗಿಡ ಕುಡಿಯುವ ನೀರು ಬಹಳ ಕಡಿಮೆ. ಪ್ರತಿ ಚೀಲಕ್ಕೆ ಎರಡು ಹಿಡಿ ಎರೆಗೊಬ್ಬರ, ಮೇಲೆ ಎರಡು ಇಂಚು ಅಡಿಕೆ ಸಿಪ್ಪೆಯ ಮುಚ್ಚಿಗೆ, ಮುಚ್ಚಳಕ್ಕೆ ಸೂಜಿಯಲ್ಲಿ ತೂತು ಮಾಡಿ ತಲೆಕೆಳಗಾಗಿ ಊರಿದ ಎರಡು ಲೀಟರಿನ ಬಾಟಲಿ. ಪಕ್ಕದ ಮನೆಯವರು ನಡುವೆ ಎರಡು ಸಲ ಬಾಟಲಿ ತುಂಬಿದರೆ ಸಾಕಾಯಿತು. ಕೊರಕ ಇಡೀ ಕುಡಿಗಳ ಜೊತೆ ಹೋಯಿತು. ವಾಪಸ್ ಬಂದಾಗ ಪ್ರತಿ ಗಿಣ್ಣಿನಲ್ಲೂ ಚಿಗುರು. ಗಟ್ಟಿ ಚಿಗುರು ನಾಲ್ಕು ಬಿಟ್ಟು ಉಳಿದವನ್ನು ಚಿವುಟಿದರು. ಜನವರಿ ಎರಡನೆಯ ವಾರ ಮತ್ತೆ ಕಾಯಿ. ಅದೇ ಹತ್ತು ದಿನ ಬೆಂಡೆಯ ನಾಲ್ಕು ಗಿಡಗಳು ಒಣಗಿ ಕಡ್ಡಿಯಾಗಿದ್ದವು.

ಈಗಿನ ಏರ್ಪಾಡು

ಎರಡನೆಯ ವರ್ಷಕ್ಕೆ "ಬೆಂಡೆಯೋ ಬದನೆಯೋ" ಎಂಬ ಪ್ರಶ್ನೆಗೆ ಮನೆಯವರು ಕೊಟ್ಟುಕೊಂಡ ಉತ್ತರ: ಐದು ಚೀಲ ವರ್ಷವಿಡೀ ಬದನೆಗೆ, ಉಳಿದ ಐದರಲ್ಲಿ ಫೆಬ್ರವರಿಯಿಂದ ಮೇವರೆಗೆ ಮಾತ್ರ ಬೆಂಡೆ, ಚೀಲಕ್ಕೆ ಎರಡು ಗಿಡ. ಮಳೆಗಾಲದಲ್ಲಿ ಅಲ್ಲಿ ಹರಿವೆ. ನಮ್ಮ ಅಭಿಪ್ರಾಯ ಕೇಳಿದರೆ, ಒಂದನ್ನೇ ಆರಿಸಲೇಬೇಕಾಗಿದ್ದರೆ ಈ ಮನೆಗೆ ಬದನೆಯೇ ಸುಲಭದ್ದು. ದಿನವೂ ಮನೆಯಲ್ಲಿ ಜನ ಇದ್ದು, ಬಿಸಿಲು ಚೆನ್ನಾಗಿದ್ದು, ಹಿಂದೆ ಟೊಮೆಟೊ ಬಾಡಿದ ಮಣ್ಣಿದ್ದರೆ ಕಣ್ಣು ಮುಚ್ಚಿಕೊಂಡು ಬೆಂಡೆ ಹಾಕಬೇಕು. ಬೀಜದ ಪೊಟ್ಟಣದ ಮೇಲಿನ ದಿನಗಳ ಲೆಕ್ಕ ಈ ಎರಡರಲ್ಲಿ ಯಾವುದನ್ನೂ ಹೇಳುವುದಿಲ್ಲ.

ಬೆಂಡೆಗೆ ಶುಕ್ರವಾರದ ನಿಯಮವೊಂದು ಬಂದಿದೆ. ತೋರುಬೆರಳಿನ ಎರಡು ಗಿಣ್ಣಿಗಿಂತ ಉದ್ದವಿರುವ ಕಾಯಿಯೆಲ್ಲ ಶುಕ್ರವಾರ ಸಂಜೆಯೇ ಕೊಯ್ಯಬೇಕು, ಎಷ್ಟು ಎಳೆಯದಿದ್ದರೂ ಸರಿ. ಅದಕ್ಕಿಂತ ಚಿಕ್ಕದು ಬುಧವಾರ, ಗುರುವಾರ ಅರಳಿದ ಹೂವಿನದು. ಸೋಮವಾರ ಸಂಜೆಗೆ ಅದಕ್ಕೆ ನಾಲ್ಕೈದು ದಿನವಾಗಿ ಸರಿಯಾದ ಹದದಲ್ಲಿರುತ್ತದೆ. ಶುಕ್ರವಾರದ ಪುಟ್ಟ ಕಾಯಿಗಳು ಊರಿಗೆ ಹೋಗುತ್ತವೆ, ಅತ್ತೆ ಅವನ್ನು ಇಡಿಯಾಗಿಯೇ ಹುರಿದು ಗೊಜ್ಜಿಗೆ ಹಾಕುತ್ತಾರೆ. ಕಸಕ್ಕೆ ಹೋಗುವುದು ಈಗ ವಾರಕ್ಕೆ ಒಂದೆರಡು ಕಾಯಿ.

ಬದನೆಯ ಹಳೆಯ ಗಿಡಗಳನ್ನು ಈ ಜೂನಿನಲ್ಲಿ ತೆಗೆಯಬೇಕು. ಅರ್ಕಾ ನಿಧಿ, ಅರ್ಕಾ ಕೇಶವ, ಅರ್ಕಾ ನೀಲಕಂಠ ಸೊರಗು ತಡೆಯುವ ತಳಿಗಳು, ಆದರೆ ಮನೆಗೆ ಬೇಕಾದದ್ದು ಎಣ್ಣೆಗಾಯಿಯ ಗುಂಡು ಹಸಿರು ಬದನೆ. ಹಾಗಾಗಿ ಕಸಿ ಮಾಡುವುದೆಂದಾಗಿದೆ. ಬದನೆಯದೇ ಕುಲದ ಮುಳ್ಳುಗಿಡವಾದ ಕಾಡು ಸುಂಡೆಯ ಬೇರಿಗೆ ಈ ರೋಗ ಸುಲಭಕ್ಕೆ ಹತ್ತುವುದಿಲ್ಲ. ಸುಂಡೆ ಬೀಜ ಮೊಳೆಯುವುದು ತಡ, ಆದ್ದರಿಂದ ಬದನೆಗಿಂತ ಮೂರು ವಾರ ಮೊದಲು ಬಿತ್ತಬೇಕು. ಎರಡರ ಕಾಂಡವೂ ಬೆಂಕಿಕಡ್ಡಿಗಿಂತ ತುಸು ದಪ್ಪವಾದಾಗ ಸುಂಡೆಯನ್ನು ನಾಲ್ಕು ಇಂಚು ಎತ್ತರದಲ್ಲಿ ಕತ್ತರಿಸಿ, ನಡುವೆ ಅರ್ಧ ಇಂಚು ಸೀಳಿ, ಬೆಣೆಯಂತೆ ಎರಡೂ ಕಡೆ ಕೆತ್ತಿದ ಬದನೆ ಕುಡಿಯನ್ನು ಕೂರಿಸಿ ಕ್ಲಿಪ್ ಹಾಕಿ, ಪ್ಲಾಸ್ಟಿಕ್ ಹೊದಿಸಿ ಒಂದು ವಾರ ನೆರಳಲ್ಲಿಡಬೇಕು. ಚೀಲಕ್ಕೆ ನೆಡುವಾಗ ಕಸಿಯ ಗಂಟು ಮಣ್ಣಿಂದ ಎರಡು ಇಂಚು ಮೇಲಿರಬೇಕು, ಆಮೇಲೆ ಗೊಬ್ಬರ ಏರಿಸುವಾಗಲೂ ಅದನ್ನು ಮುಚ್ಚಬಾರದು: ಗಂಟು ಮುಚ್ಚಿದರೆ ಮೇಲಿನ ಬದನೆಯೇ ಬೇರು ಬಿಟ್ಟು ಮತ್ತೆ ಸೊರಗಿಗೆ ದಾರಿಯಾಗುತ್ತದೆ. ಗಂಟಿನ ಕೆಳಗೆ ಮುಳ್ಳಿನ ಚಿಗುರು ಕಂಡರೆ ಅದು ಸುಂಡೆಯದು, ಚಿವುಟಿ ತೆಗೆಯಬೇಕು.